ಎಣ್ಣೆ ತುಟ್ಟಿಯಾದಾಗ ಮಾತ್ರ ಗಾಣ ನೆಪ್ಪಾಗದಾ?

ಅಕ್ಕತಂಗೇರೇ, ನಮ್ಮನೇಲಿ ಗೌರಿ ಹಬ್ಬ ಆಯ್ತು. ಈ ಸಲ ಕರಿಯೋದು ವಸಿ ಕಮ್ಮಿ ಮಾಡ್ದೆ. ಕರ್ಜಿಕಾಯಿ ಬಾಗಿನಕ್ಕೆ ಎಷ್ಟು ಬೇಕೋ ಅಷ್ಟೇ. ಮಿಕ್ಕಿದ್ದೆಲ್ಲ ಹಬೇಲಿ ಬೇಯಿಸಿದ ಕಡುಬು. ನಮ್ಮ ಓರಗಿತ್ತಿ ನೋಡಿ, "ಏನಕ್ಕ, ನಿಮ್ಮನೇಲಿ ಎಣ್ಣೆಗೂ ಬರ ಬಂತಾ?" ಅಂತ ನಕ್ಕಳು. "ಬರ ಬಂದಿಲ್ಲ ಕಣವ್ವ, ಬಂದಾಗ ಏನಾಯ್ತು ಅನ್ನೋದು ನೆಪ್ಪೈತೆ" ಅಂದೆ.

ನೆಪ್ಪು ಮಾಡಿದ್ದು ಗಾಣದ ಮನೆ ಹುಡುಗ. ಹಬ್ಬದ ಹಿಂದಿನ ವಾರ ಎಣ್ಣೆ ತರಕ್ಕೆ ಅಂತ ಹೋಗಿದ್ದೆ. ಬಾಗ್ಲು ಅರ್ಧ ಹಾಕಿತ್ತು. ಒಳಗೆ ಗಾಣ ನಿಂತಿತ್ತು, ಪಕ್ಕದ ರಾಗಿ ಗಿರಣಿ ಮಾತ್ರ ತಿರುಗ್ತಿತ್ತು. ಎಣ್ಣೆ ಅಳೆದು ಕೊಡ್ತಾ, "ದೊಡ್ಡಮ್ಮ, ದೀಪಾವಳಿ ತಂಕ ನೋಡ್ತೀನಿ. ಅಷ್ಟರೊಳಗೆ ತಿಂಗಳಿಗೆ 150 ಕೆಜಿ ಎಣ್ಣೆ ಹೋಗೋ ಹಂಗೆ ಆದ್ರೆ ಸರಿ, ಇಲ್ದಿದ್ರೆ ಗಾಣ ಕೊಟ್ಟುಬಿಡ್ತೀನಿ. ಕೇಳಕ್ಕೆ ಒಬ್ರು ಬಂದವ್ರೆ" ಅಂದ. ಈಗ ಎಷ್ಟು ಹೋಗ್ತದಪ್ಪ ಅಂದೆ. "60 ದಾಟಲ್ಲ" ಅಂದ.

ಮನೆಗೆ ಬರ್ತಾ ದಾರೀಲಿ ನನಗೇ ನಾಚಿಕೆ ಆಯ್ತು. ಯಾಕೆ ಅಂದ್ರೆ ಮಧ್ಯೆ ಒಂದೂವರೆ ವರ್ಷ ನಾನೇ ಆ ಬಾಗ್ಲಿಗೆ ಕಾಲಿಟ್ಟಿರಲಿಲ್ಲ. ಅದ್ಕೇ ಇವತ್ತು ಬರೆಯೋದು ಬೇರೆಯವರಿಗೆ ಬುದ್ಧಿ ಹೇಳಕ್ಕಲ್ಲ, ನನ್ನ ತಪ್ಪನ್ನ ಸೇರಿಸ್ಕಂಡೇ ಹೇಳಕ್ಕೆ.

ವಸಿ ಹಿಂದಕ್ಕೆ ಹೋಗೋಣ. 2022ರ ಫೆಬ್ರವರಿ 24ಕ್ಕೆ ರಷ್ಯಾ ದೇಶ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯ್ತಲ್ಲ, ಆವತ್ತು ನಾವೆಲ್ಲ ಟೀವಿ ಮುಂದೆ ಕೂತು ಅಯ್ಯೋ ಪಾಪ ಅಂದ್ವಿ. ನಮ್ಮ ಒಲೆಗೂ ಅದಕ್ಕೂ ಸಂಬಂಧ ಐತೆ ಅಂತ ಯಾರಿಗೆ ಗೊತ್ತಿತ್ತು? ನಾವು ಒಗ್ಗರಣೆಗೆ ಹಾಕೋ ಸೂರ್ಯಕಾಂತಿ ಎಣ್ಣೇಲಿ ಬಹುಪಾಲು ಆ ಎರಡು ದೇಶದಿಂದಲೇ ಹಡಗಲ್ಲಿ ಬತ್ತಿತ್ತಂತೆ. ಹಡಗು ನಿಂತ್ವು. ಹದಿನೈದು ದಿನದಲ್ಲಿ ನಮ್ಮೂರ ಅಂಗಡೀಲಿ, "ಒಂದು ಮನೆಗೆ ಎರಡೇ ಪ್ಯಾಕೆಟ್ಟು" ಅಂತ ಶುರುವಾಯ್ತು. 150ರ ಹತ್ರ ಇದ್ದ ಪ್ಯಾಕೆಟ್ಟು 200ರ ಹತ್ರ ಬಂತು.

ಸೂರ್ಯಕಾಂತಿ ಸಿಗದೆ ಎಲ್ಲಾರೂ ಪಾಮಾಯಿಲ್ ಕಡೆ ತಿರುಗಿದ್ರು. ಅದು ಇಂಡೋನೇಷ್ಯಾ, ಮಲೇಷ್ಯಾದಿಂದ ಬರೋದು. ಅಲ್ಲೂ ಅವರ ಜನಕ್ಕೇ ಎಣ್ಣೆ ತುಟ್ಟಿಯಾಗಿ ಗಲಾಟೆ ಆಗಿ, ಇಂಡೋನೇಷ್ಯಾ ಸರ್ಕಾರ ಏಪ್ರಿಲ್ 28ರಿಂದ ಹೊರದೇಶಕ್ಕೆ ಕಳಿಸೋದನ್ನೇ ನಿಲ್ಲಿಸ್ತು. ಮತ್ತೆ ಬಿಟ್ಟಿದ್ದು ಮೇ 23ಕ್ಕೆ. ನಾಲ್ಕು ವಾರಾನೂ ಇಲ್ಲ. ಆ ನಾಲ್ಕು ವಾರದಲ್ಲಿ ನಮ್ಮ ನಾದಿನಿ ಪಟ್ಟ ಪಾಡು ಮಾತ್ರ ನನಗೆ ಇವತ್ತಿಗೂ ಮರೆಯಲ್ಲ.

ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತು, ನಮ್ಮ ನಾದಿನಿ ಡ್ಯಾಮಿನ ದಾರೀಲಿ ತಳ್ಳೋಗಾಡಿ ಮಡಗವ್ಳೆ. ಹೇಮಾವತಿ ಅಣೆಕಟ್ಟು ನೋಡಕ್ಕೆ ಶನಿವಾರ ಭಾನುವಾರ ಹಾಸನದ ಕಡೆಯಿಂದ, ಬೆಂಗಳೂರಿನಿಂದ ಜನ ಬತ್ತಾರೆ. ಮೆಣಸಿನಕಾಯಿ ಬಜ್ಜಿ, ಬೋಂಡ, ಮಸಾಲೆ ವಡೆ. ಅವಳಿಗೆ ಹತ್ತು ಹನ್ನೆರಡು ದಿನಕ್ಕೆ 15 ಕೆಜಿ ಟಿನ್ನು ಒಂದು ಬೇಕು. ಕೊರೋನಾಕ್ಕೆ ಮುಂಚೆ 1,300 ರೂಪಾಯಿ ಆಸುಪಾಸು ಇದ್ದ ಪಾಮಾಯಿಲ್ ಟಿನ್ನು ಆ ಬೇಸಿಗೇಲಿ 2,300 ದಾಟ್ತು. 20 ರೂಪಾಯಿಗೆ ನಾಲ್ಕು ಬಜ್ಜಿ ಕೊಡ್ತಿದ್ದೋಳು ಮೂರು ಮಾಡಿದ್ಲು. ಕಾರಲ್ಲಿ ಬಂದೋರೇ, "ಏನಮ್ಮ, ಹೋದ ಸಲ ನಾಲ್ಕು ಕೊಟ್ಟಿದ್ದೆ" ಅಂತ ಜಗಳಕ್ಕೆ ನಿಂತ್ರಂತೆ. ಕಡ್ಲೆಹಿಟ್ಟು, ಗ್ಯಾಸು ಎಲ್ಲಾ ಕಳೆದು ಸಂಜೆ ಎಣಿಸಿದ್ರೆ ಕೂಲೀನೂ ಗಿಟ್ಟಲಿಲ್ಲ.

ದೊಡ್ಡ ಕಂಪನಿಗಾದ್ರೆ ಗೋಡೌನಲ್ಲಿ ಮೂರು ತಿಂಗಳ ಮಾಲು ಇರ್ತದೆ. ಚಿಪ್ಸ್ ಪ್ಯಾಕೆಟ್ಟಿಗೆ ಬೆಲೆ ಅದೇ ಮಡಗಿ ಒಳಗಿರೋದನ್ನ ವಸಿ ಕಮ್ಮಿ ಮಾಡಿದ್ರೂ ಯಾರೂ ಕೇಳಲ್ಲ. ತಳ್ಳೋಗಾಡಿಯೋಳ ಹತ್ರ ಇರೋದು ಒಂದೇ ಟಿನ್ನು, ಅದೂ ಸಾಲದ್ದು. ಬಜ್ಜಿ ಎಣಿಸಿ ಕೊಡೋದು ಎದುರಿಗೇ. ಎಣ್ಣೆ ಬರ ಬಂದ್ರೆ ಮೊದಲು ಬೀಳೋದು ಇಂಥೋರ ಮೇಲೆ. ನಮ್ಮೂರ ಸಣ್ಣ ಹೋಟೆಲಲ್ಲಿ ಪೂರಿ ಹಾಕೋದು ನಿಲ್ಲಿಸಿದ್ರು. ಮದುವೆ ಅಡುಗೆ ಒಪ್ಕಂಡಿದ್ದೋರು, "ಎಣ್ಣೆ ನೀವೇ ತಂದುಕೊಡಿ, ನಾವು ಕೈಚಳಕ ಮಾತ್ರ ಕೊಡ್ತೀವಿ" ಅಂದ್ರು.

ನಾದಿನಿ ಚೀಟಿ ಕಟ್ಟಕ್ಕಾಗದೆ ಓಲೆ ಅಡ ಇಟ್ಲು. ಕರಿದ ಎಣ್ಣೇನೇ ಮೂರು ದಿನ ನಾಲ್ಕು ದಿನ ಕಾಯಿಸು ಅಂತ ಯಾರೋ ಹೇಳಿಕೊಟ್ರಂತೆ. "ಅತ್ತಿಗೆ, ನನ್ನ ಮಕ್ಕಳಿಗೆ ತಿನ್ನಿಸದೇ ಇರೋದನ್ನ ಬೇರೆಯೋರ ಮಕ್ಕಳಿಗೆ ಎಂಗೆ ಕೊಡಲಿ" ಅಂತ ನನ್ನತ್ರ ಬಂದು ಅತ್ತಳು. ಗಾಡಿ 22 ದಿನ ನಿಲ್ತು.

ಅಮ್ಯಾಕೆ ಅವಳು ಮಾಡಿದ್ದೇನು ಗೊತ್ತಾ? ಎಣ್ಣೆ ಬೇಡದ್ದು ಏನೇನೈತೆ ಅಂತ ಕೂತು ಯೋಚನೆ ಮಾಡಿದ್ಲು. ಬೇಯಿಸಿದ ಕಡ್ಲೇಕಾಯಿ, ಕೆಂಡದ ಮೇಲೆ ಸುಟ್ಟ ಮುಸುಕಿನ ಜೋಳ, ಅಕ್ಕಿ ಕಡುಬು, ಜತೆಗೆ ಹುಚ್ಚೆಳ್ಳು ಚಟ್ನಿ. ಬಜ್ಜಿ ಭಾನುವಾರ ಮಾತ್ರ. ಜೋಳ ಪಕ್ಕದೂರಿನವರ ಹೊಲದ್ದು, ಅಕ್ಕಿ ಮನೇದು, ಹುಚ್ಚೆಳ್ಳು ನಮ್ಮ ಚಿಕ್ಕಮ್ಮನ ಮನೆಯಿಂದ ಎರಡು ಸೇರು ಕೊಂಡ್ಕಂಡ್ಲು. ಮುಂಚೆ ಅವಳ ಟಿನ್ನಿನ ದುಡ್ಡು ಹಾಸನದ ಮಂಡಿಗೆ ಹೋಗಿ ಅಲ್ಲಿಂದ ಯಾವ ಸಮುದ್ರ ದಾಟ್ತಿತ್ತೋ ಏನೋ. ಈಗ ಅದೇ ದುಡ್ಡು ಮೂರು ಮೈಲಿ ಒಳಗೇ ತಿರುಗಕ್ಕೆ ಶುರುವಾಯ್ತು. ಜೋಳ ಕೊಟ್ಟೋನ ಹೆಂಡ್ತಿ ನಮ್ಮ ಸಂಘದ ಸಾಲ ತೀರಿಸಿದ್ದೂ ಅದೇ ದುಡ್ಡಲ್ಲಿ. ಪೇಪರಲ್ಲಿ ಸ್ಥಳೀಯ ಆರ್ಥಿಕತೆ ಅಂತ ದೊಡ್ಡದಾಗಿ ಬರೀತಾರಲ್ಲ, ನನಗೆ ಅರ್ಥ ಆಗಿದ್ದು ಆ ಜೋಳದ ಗಾಡೀಲಿ.

ಇಂಥ ಬರ ನಮಗೇನು ಹೊಸದಲ್ಲ. 1990ರಲ್ಲಿ ಇರಾಕಿನೋರು ಕುವೈತ್ ಹಿಡ್ಕಂಡಾಗ ನಾನು ಪಿಯುಸಿ ಮುಗಿಸಿ ಮನೇಲಿದ್ದೆ. ಸೀಮೆಎಣ್ಣೆಗೆ ಬೆಳಗಿನ ಜಾವಕ್ಕೇ ಡಬ್ಬ ಸಾಲಾಗಿ ಮಡಗಿ ಬರ್ತಿದ್ವಿ, ಡಬ್ಬದ ಮೇಲೆ ಗುರುತಿಗೆ ಕಲ್ಲು. ಆಗ ನಮ್ಮವ್ವ ಅಟ್ಟದ ಮೇಲಿದ್ದ ಹರಳೆಣ್ಣೆ ದೀಪ ಇಳಿಸಿದ್ಲು. ಬೇಲೀಲಿ ಬಿದ್ದಿದ್ದ ಹೊಂಗೆಕಾಯಿ ಆಯಕ್ಕೆ ನಮ್ಮನ್ನ ಕಳಿಸ್ತಿದ್ಲು. ಹೊಂಗೆ ಎಣ್ಣೆ ಕಹಿ, ತಿನ್ನಕ್ಕಾಗಲ್ಲ, ಆದ್ರೆ ದೀಪಕ್ಕೆ, ಗಾಡಿ ಕೀಲಿಗೆ ಬತ್ತದೆ, ಹಿಂಡಿ ಗದ್ದೆಗೆ ಗೊಬ್ಬರ ಆಯ್ತದೆ. ಅದೇ ಹೊಂಗೆ ಎಣ್ಣೇಲಿ ಇಂಜಿನ್ ಓಡಿಸಬೌದು ಅಂತ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೋರು 2007ರಲ್ಲಿ ನಮ್ಮ ಹಾಸನ ತಾಲ್ಲೂಕಿನ ಮಡೆನೂರಲ್ಲೇ ಜೈವಿಕ ಇಂಧನ ಪಾರ್ಕು ಮಾಡಿದ್ರು. ಹೊಂಗೆ, ಹಿಪ್ಪೆ, ಬೇವು ಬದುವಿನ ಮೇಲೆ ನೆಡಿ ಅಂತ ರೈತರಿಗೆ ಹೇಳಿಕೊಟ್ರು. ನಮ್ಮ ಸಂಘದೋರು ಒಂದು ಸಲ ಹೋಗಿ ನೋಡ್ಕಂಡು ಬಂದಿದ್ವಿ. ಅವ್ವ ಬದುಕಿದ್ರೆ, "ಇದನ್ನ ಕಲಿಯಕ್ಕೆ ಬಸ್ಸಿಗೆ ದುಡ್ಡು ಕೊಟ್ಟು ಹೋದ್ರಾ" ಅನ್ನೋಳು.

ಅಡುಗೆ ಎಣ್ಣೆಗೂ ಇದೇ ಮಾತು. ನಾನು ಚಿಕ್ಕೋಳಿದ್ದಾಗ ನಮ್ಮ ಕಡೆ ರಾಗಿ ಹೊಲ ಅಂದ್ರೆ ಬರೀ ರಾಗಿ ಅಲ್ಲ. ನಡುನಡುವೆ ಅಕ್ಕಡಿ ಸಾಲು. ಒಂದು ಸಾಲು ಅವರೆ, ಒಂದು ಸಾಲು ಹುಚ್ಚೆಳ್ಳು, ಅಂಚಿಗೆ ಹರಳು, ಅಲ್ಲಲ್ಲಿ ಸಾಸಿವೆ. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲಕ್ಕೆಲ್ಲ ಅರಿಶಿನ ಎರಚಿದಂಗೆ ಕಾಣ್ತಿತ್ತು, ಜೇನು ಗುಂಯ್ ಅಂತಿದ್ವು. ಆ ಹುಚ್ಚೆಳ್ಳನ್ನ ಮೂಟೆ ಕಟ್ಕಂಡು ಅಪ್ಪ ಗಾಣಕ್ಕೆ ಹೋಗೋರು. ಎಣ್ಣೆ ಒಂದು ಕೊಡ, ಹಿಂಡಿ ಒಂದು ಮೂಟೆ ಬರೋದು. ಗಾಣದೋರು ಕೂಲಿಗೆ ಅವರ ಪಾಲು ಇಟ್ಕಳೋರು. ಎಣ್ಣೆ ನಮಗೆ, ಹಿಂಡಿ ಹಸೂಗೆ, ಸಗಣಿ ಮತ್ತೆ ಹೊಲಕ್ಕೆ. ಹೊರಗಡೆಗೆ ಹೋಗ್ತಿದ್ದುದು ಏನೂ ಇರಲಿಲ್ಲ.

ಎಲ್ಲಿ ತಪ್ಪಿತು ಅಂದ್ರೆ, ಒಂದೇ ದಿನ ತಪ್ಪಲಿಲ್ಲ. ಮೊದಲು ರೇಷನ್ ಅಂಗಡೀಲಿ ಪಾಮೋಲಿನ್ ಬಂತು. ವಾಸನೆ ಇಲ್ಲ, ಬಣ್ಣ ಇಲ್ಲ, ಅಗ್ಗ. ಬಡವರಿಗೆ ಅದು ಉಪಕಾರಾನೇ ಆಯ್ತು, ಅದನ್ನ ನಾನು ಬೈಯಲ್ಲ. 1986ರಲ್ಲಿ, ನಾನು ಹೈಸ್ಕೂಲಲ್ಲಿದ್ದಾಗ, ಕೇಂದ್ರ ಸರ್ಕಾರ ಎಣ್ಣೆಕಾಳು ಬೆಳೆಸಕ್ಕೆ ಅಂತಲೇ ಒಂದು ಮಿಷನ್ ಮಾಡ್ತು. ಹಳದಿ ಕ್ರಾಂತಿ ಅಂತ ಹೆಸರು. ಕೆಲವೇ ವರ್ಷದಲ್ಲಿ ನಮ್ಮ ದೇಶ ತನಗೆ ಬೇಕಾದ ಎಣ್ಣೆ ಹೆಚ್ಚುಕಮ್ಮಿ ತಾನೇ ಮಾಡ್ಕಳೋ ಮಟ್ಟಕ್ಕೆ ಬಂದಿತ್ತು. 1994ರಿಂದ ಪಾಮೋಲಿನ್‌ಗೆ ಬಾಗ್ಲು ತೆಗೆದ್ರು. ಈಗ ನಾವು ತಿನ್ನೋ ಎಣ್ಣೇಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು.

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆಗೆ ನಮ್ಮ ದೊಡ್ಡಪ್ಪನ ಮಗಳನ್ನ ಕೊಟ್ಟಿದ್ರು. ಆ ಊರಿಗೆ ಎಣ್ಣೆ ನಗರ ಅಂತಲೇ ಹೆಸರು. ಸುತ್ತ ಕಡ್ಲೇಕಾಯಿ ಬೆಳೆ, ಊರ ತುಂಬ ಎಣ್ಣೆ ಮಿಲ್ಲು. ಬಸ್ಸಿಳಿದ್ರೆ ಹುರಿದ ಕಡ್ಲೇಕಾಯಿ ವಾಸನೆ ಮೂಗಿಗೆ ಹೊಡೀತಿತ್ತು ಅಂತ ಅಕ್ಕ ಹೇಳೋಳು. ಹೊರಗಿನ ಅಗ್ಗದ ಎಣ್ಣೆ ಬಂದ ಮೇಲೆ, ಮಳೆಯೂ ಕೈಕೊಟ್ಟು, ಎಷ್ಟೋ ಮಿಲ್ಲು ಬಾಗ್ಲು ಹಾಕಿದ್ವು. ಮಿಲ್ಲು ಮುಚ್ಚಿದ್ರೆ ಮಿಲ್ಲಿನ ಯಜಮಾನ ಬೇರೆ ಏನಾರ ಮಾಡ್ಕತಾನೆ. ಕಾಯಿ ಸುಲಿಯೋ ಹೆಂಗಸು, ಮೂಟೆ ಹೊರೋನು, ಟಿನ್ನು ಬೆಸೆಯೋನು, ಹಿಂಡಿ ಕೊಳ್ಳೋ ಹಸು ಸಾಕೋನು, ಇವರೆಲ್ಲ ಎಲ್ಲಿಗೆ ಹೋಗಬೇಕು? ಅಂಥ ಊರಿಗೇ ಹಂಗಾದ್ರೆ ನಮ್ಮೂರ ಒಂದು ಗಾಣ ಯಾವ ಲೆಕ್ಕ?

ಈಗ ನಮ್ಮ ಗಾಣದ ಹುಡುಗನ ವಿಷಯಕ್ಕೆ ಬರ್ತೀನಿ. ಬೆಂಗಳೂರಲ್ಲಿ ಕೆಲಸಕ್ಕಿದ್ದೋನು, ಕೊರೋನಾ ಬಂದಾಗ ಊರಿಗೆ ಬಂದ. ಸಣ್ಣ ಆಹಾರ ಉದ್ದಿಮೆಗೆ ಅಂತ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಶುರುವಾಯ್ತಲ್ಲ, ಶೇ. 35ರಷ್ಟು ಸಹಾಯಧನ, ಅದ್ರಲ್ಲಿ ಸಾಲ ತಗಂಡು ಮರದ ಗಾಣ ಹಾಕ್ದ. ಎತ್ತಿನ ಗಾಣ ಅಲ್ಲ, ಕರೆಂಟಿಂದು. ಆದ್ರೆ ಒರಳು, ಒನಕೆ ಮರದ್ದೇ, ನಿಧಾನಕ್ಕೆ ತಿರುಗ್ತದೆ, ಎಣ್ಣೆ ಕಾಯಲ್ಲ. 2022ರ ಬೇಸಿಗೇಲಿ ಅವನ ಬಾಗ್ಲಲ್ಲಿ ಜಾತ್ರೆ. ಪ್ಯಾಕೆಟ್ಟು 200 ಆದಾಗ ಗಾಣದ ಎಣ್ಣೆ 250 ಅಂದ್ರೆ, "ಇನ್ನೊಂದು 50 ತಾನೇ, ಒಳ್ಳೇದೇ ತಿನ್ನೋಣ" ಅಂತ ಎಲ್ಲಾರೂ ಹೋದ್ವಿ. ನಾನೂ ಕ್ಯಾನ್ ಹಿಡ್ಕಂಡು ಸಾಲಲ್ಲಿ ನಿಂತಿದ್ದೆ. ಪಾಪ ಅವನು ಇದು ಹಿಂಗೇ ಇರ್ತದೆ ಅಂತ ನಂಬಿ ಇನ್ನೊಂದು ಗಾಣಕ್ಕೂ ಸಾಲ ತಗಂಡ.

2023ಕ್ಕೆ ಸೂರ್ಯಕಾಂತಿ ಎಣ್ಣೆ ಇಳೀತು. ಪ್ಯಾಕೆಟ್ಟು 120ರ ಹತ್ರ ಬಂದದ್ದೇ ನಾವೆಲ್ಲ ಮಾಯ. ಅವನ ಗಾಣದ ಎಣ್ಣೇಲಿ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ನಾವು. "ನೊರೆ ಬತ್ತದೆ ಕಣಕ್ಕ", "ಮಕ್ಕಳಿಗೆ ವಾಸನೆ ಆಗಲ್ಲ", "ಅತ್ತ ಹೋಗಕ್ಕೆ ಪುರುಸೊತ್ತಿಲ್ಲ". ಇವೆಲ್ಲ ನಾನೇ ಹೇಳಿದ ಮಾತು. 2024ರ ಸೆಪ್ಟೆಂಬರ್ 14ಕ್ಕೆ ಸರ್ಕಾರ ಹೊರಗಿಂದ ಬರೋ ಕಚ್ಚಾ ಎಣ್ಣೆಗೆ ಶೇ. 20 ಸುಂಕ ಹಾಕ್ತು, ಮತ್ತೆ ಪ್ಯಾಕೆಟ್ಟು ಏರಿತು. ಆಗ ನಮಗೆ ಮತ್ತೆ ಗಾಣ ನೆಪ್ಪಾಯ್ತು. ಅಷ್ಟರಲ್ಲಿ ಅವನು ಎರಡನೇ ಗಾಣ ನಷ್ಟಕ್ಕೆ ಮಾರಿ ರಾಗಿ ಗಿರಣಿ ಹಾಕ್ಕಂಡಿದ್ದ. 2025ರ ಮೇ ಕೊನೇಲಿ ಆ ಸುಂಕಾನ ಶೇ. 10ಕ್ಕೆ ಇಳಿಸಿದ್ರು. ರೈತರು ಕೂಗಿದಾಗ ಏರಿಸ್ತಾರೆ, ನಾವು ಕೂಗಿದಾಗ ಇಳಿಸ್ತಾರೆ. ಸರ್ಕಾರನ ದೂರಿ ಏನು ಪ್ರಯೋಜನ? ಅವರಿಗೆ ಇಬ್ಬರೂ ಬೇಕು. ಆದ್ರೆ ಆ ಏರಿಳಿತದ ಮಧ್ಯೆ ಸಾಲದ ಕಂತು ಮಾತ್ರ ತಿಂಗಳ ತಿಂಗಳ ಒಂದೇ ದಿನಕ್ಕೆ ಬತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಎಣ್ಣೆ ಬರ ಬಂದಾಗ ಊರಿನ ಗಾಣ, ಊರಿನ ಕಾಳು ತಾನಾಗೇ ಎದ್ದೇಳ್ತವೆ, ನಿಜ. ಆದ್ರೆ ಎದ್ದಿದ್ದು ನಿಲ್ಲೋದು ಬರ ಹೋದ ಮೇಲೆ ನಾವು ಏನು ಕೊಳ್ತೀವಿ ಅನ್ನೋದ್ರ ಮೇಲೆ. ಮಳೆಗಾಲಕ್ಕೆ ಮಾತ್ರ ಕೊಡೆ ಬೇಕು ಅಂತ ಬೇಸಿಗೇಲಿ ಕೊಡೆ ಬಿಸಾಕ್ತೀವಾ? ಮೂಲೇಲಿ ನೇತು ಹಾಕ್ತೀವಿ. ಗಾಣ ಮೂಲೇಲಿ ನೇತು ಹಾಕಕ್ಕಾಗಲ್ಲ, ಅದಕ್ಕೆ ದಿನಾ ಹೊಟ್ಟೆ ಐತೆ.

"ದುಡ್ಡು ಯಾರು ಕೊಡ್ತಾರೆ" ಅಂತ ನೀವು ಕೇಳ್ತೀರಿ. ಸರಿಯಾದ ಪ್ರಶ್ನೆ. ಗಾಣದ ಎಣ್ಣೆ ಯಾಕೆ ತುಟ್ಟಿ ಅನ್ನೋದನ್ನ ನಾನು ಎದುರಿಗೇ ಕೂತು ನೋಡಿದೀನಿ. 10 ಕೆಜಿ ಕಡ್ಲೆಬೀಜ ಹಾಕಿದ್ರೆ 4 ಕೆಜಿ ಆಸುಪಾಸು ಎಣ್ಣೆ ಸಿಗ್ತದೆ. ಹುಚ್ಚೆಳ್ಳಾದ್ರೆ 10 ಕೆಜಿಗೆ 3 ಕೆಜಿ ಬಂದ್ರೆ ಹೆಚ್ಚು. ದೊಡ್ಡ ಫ್ಯಾಕ್ಟರೀಲಿ ಹಿಂಡೀಲಿ ಉಳಿದಿದ್ದನ್ನೂ ಔಷಧಿ ಹಾಕಿ ಎಳ್ಕತಾರೆ, ಗಾಣದಲ್ಲಿ ಅದು ಹಿಂಡೀಲೇ ಉಳೀತದೆ. ಆದ್ರಿಂದಲೇ ಗಾಣದ ಹಿಂಡಿ ಅಂದ್ರೆ ಹಸು ಬಾಲ ಅಲ್ಲಾಡಿಸ್ಕಂಡು ಬತ್ತದೆ. ನಮ್ಮಲ್ಲಿ ಡೈರಿಗೆ ಹಾಲು ಹಾಕದ ಮನೆ ಎಷ್ಟಿದಾವು? ಪ್ಯಾಕೆಟ್ ಎಣ್ಣೆ ತಂದ್ರೆ ಹಿಂಡಿ ಬೇರೆ ಎಲ್ಲೋ ಉಳ್ಕತದೆ, ನಾವು ಮತ್ತೆ ದುಡ್ಡು ಕೊಟ್ಟು ಮೂಟೆ ಹಿಂಡಿ ತರಬೇಕು. ಗಾಣದ ಎಣ್ಣೆ ಬೆಲೆ ನೋಡೋವಾಗ ಹಿಂಡೀದೂ ಲೆಕ್ಕ ಹಾಕಿ.

ನಮ್ಮನೆ ಲೆಕ್ಕ ಮುಚ್ಚಿಡದೆ ಹೇಳ್ತೀನಿ. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಪ್ಯಾಕೆಟ್ಟು ಆಯ್ತಿತ್ತು, 150ರ ಲೆಕ್ಕದಲ್ಲಿ 600 ರೂಪಾಯಿ. ಈಗ ಆರು ತಿಂಗಳಿಂದ ಗಾಣದ ಕಡ್ಲೇಕಾಯಿ ಎಣ್ಣೆ ಒಂದೂವರೆ ಕೆಜಿ 420 ರೂಪಾಯಿ, ಹುಚ್ಚೆಳ್ಳೆಣ್ಣೆ ಅರ್ಧ ಕೆಜಿ 200, ಕರಿಯೋದಕ್ಕೆ ಪ್ಯಾಕೆಟ್ಟು ಒಂದು 150. ಒಟ್ಟು 770. ತಿಂಗಳಿಗೆ 170 ರೂಪಾಯಿ ಜಾಸ್ತಿ. ಜಾಸ್ತಿ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನಾಲ್ಕು ಪಾಲು ಇದ್ದ ಎಣ್ಣೆ ಮೂರಕ್ಕೆ ಇಳೀತು. ಗಾಣದ್ದು ಗಟ್ಟಿ ರುಚಿ, ಪಲ್ಯಕ್ಕೆ ಒಂದು ಚಮಚದಲ್ಲೇ ಘಮ ಬತ್ತದೆ. 2025ರ ಫೆಬ್ರವರೀಲಿ ಪ್ರಧಾನಿಯವರು ಮನ್ ಕಿ ಬಾತಲ್ಲಿ ಮನೆಮನೇಲಿ ಎಣ್ಣೆ ಶೇ. 10ರಷ್ಟು ಕಮ್ಮಿ ಮಾಡಿ ಅಂದ್ರಲ್ಲ, ನಮ್ಮನೇಲಿ ಹೇಳದೇನೇ ಅದಕ್ಕಿಂತ ಜಾಸ್ತಿ ಇಳಿದೈತೆ. ನಮ್ಮೆಜಮಾನ್ರಿಗೆ ಡಾಕ್ಟ್ರು ಕೊಲೆಸ್ಟ್ರಾಲ್ ಅಂದಿದ್ರಿಂದ ಅವರೂ ಗೊಣಗದೆ ತಿಂತಾರೆ.

ದಿನಗೂಲಿ ಮೇಲೆ ಬದುಕೋ ಮನೆಗೆ ಈ 170 ರೂಪಾಯೀನೂ ದೊಡ್ಡದೇ. ಅವರಿಗೆ ಗಾಣದ ಎಣ್ಣೆ ತಿನ್ನಿ ಅಂತ ನಾನು ಉಪದೇಶ ಮಾಡಲ್ಲ, ಮಾಡೋರ ಮಾತನ್ನೂ ಒಪ್ಪಲ್ಲ. ನಮ್ಮ ನಾದಿನಿ ಬಜ್ಜೀನ 280 ರೂಪಾಯಿ ಎಣ್ಣೇಲಿ ಕರಿದ್ರೆ ಒಂದು ಬಜ್ಜಿ ಎಷ್ಟಕ್ಕೆ ಮಾರಬೇಕು? ಅವಳು ಇವತ್ತೂ ಭಾನುವಾರಕ್ಕೆ ಟಿನ್ನೇ ತರೋದು. ಆದ್ರೆ ಸೀರೆಗೆ ಸಾವಿರ ಸಾವಿರ ಸುರಿಯೋ, ಫೋನಿಗೆ ತಿಂಗಳ ತಿಂಗಳ ದುಡ್ಡು ಹಾಕೋ ನಮ್ಮಂಥೋರು 170 ರೂಪಾಯಿಗೆ ಬಾಯಿ ಬಾಯಿ ಬಡ್ಕಳೋದು ಚೆಂದ ಅಲ್ಲ.

ಊರಿನದು ಅಂದ್ರೆ ಯಾವಾಗಲೂ ಅಗ್ಗ, ಯಾವಾಗಲೂ ಸ್ಥಿರ ಅಂತಲೂ ತಿಳ್ಕಬೇಡಿ. ಚನ್ನರಾಯಪಟ್ಟಣ, ಅರಸೀಕೆರೆ ಕಡೆ ನಮ್ಮ ಬೀಗರ ಮನೇಲಿ ತೆಂಗು ತುಂಬಿ ತುಳುಕ್ತದೆ. ಆದ್ರೂ 2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 25 ಸಾವಿರ ದಾಟಿ, ಕೊಬ್ಬರಿ ಎಣ್ಣೆ ಮುಟ್ಟಂಗಿಲ್ಲ ಅನ್ನಂಗಾಯ್ತು. ತೆಂಗಿಗೆ ರೋಗ ಬಂದು ಕಾಯಿ ಕಮ್ಮಿಯಾದ್ರೆ ಊರಲ್ಲಿದ್ರೂ ತುಟ್ಟಿಯೇ. ಆದ್ರೆ ಒಂದು ವ್ಯತ್ಯಾಸ ಐತೆ. ಆ ತುಟ್ಟಿಯ ದುಡ್ಡು ನಮ್ಮ ಬೀಗರ ಕೈಗೇ ಬಂತು, ಅವರ ಮಗಳ ಫೀಸು ಕಟ್ಟಿದ್ರು. ಸೂರ್ಯಕಾಂತಿ ತುಟ್ಟಿಯಾದಾಗ ನಮ್ಮಲ್ಲಿ ಯಾರ ಮನೆ ಫೀಸು ಕಟ್ಟಿತು?

ಇನ್ನೊಂದು ಮಾತು ಗಂಡಸರಿಗೆ ಹೇಳಬೇಕು, ನೀವೇ ಓದಿ ಹೇಳಿ. ಗಾಣದ ಹುಡುಗ ಕಡ್ಲೆಬೀಜ ಚಳ್ಳಕೆರೆ, ಪಾವಗಡದ ಕಡೆಯಿಂದ ತರಿಸ್ತಾನೆ. ಅದು ನಮ್ಮ ರಾಜ್ಯದ್ದೇ ಆದ್ರೂ ನಮ್ಮ ಹೊಲದ್ದಲ್ಲ. ನಮ್ಮ ಮಣ್ಣಿಗೆ ಒಗ್ಗೋದು ಹುಚ್ಚೆಳ್ಳು. ಶುಂಠಿ, ಜೋಳ ಬಂದ ಮೇಲೆ ಅಕ್ಕಡಿ ಸಾಲೇ ಮಾಯವಾಯ್ತು. 2025-26ಕ್ಕೆ ಹುಚ್ಚೆಳ್ಳಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 9,537 ರೂಪಾಯಿ ಇತ್ತು, ರಾಗಿಗೆ 4,886. ಇಳುವರಿ ಕಮ್ಮಿ ಅನ್ನೋದು ನಿಜ, ಆದ್ರೆ ಇಡೀ ಹೊಲ ಹಾಕಿ ಅಂತ ಯಾರು ಹೇಳಿದ್ರು? ಮುಂದಿನ ಸಲ ರಾಗಿ ಬಿತ್ತೋವಾಗ ಎಂಟು ಸಾಲಿಗೆ ಒಂದು ಸಾಲು ಹುಚ್ಚೆಳ್ಳು ಬಿಡಿ. ಹತ್ತು ಸೇರು ಆದ್ರೂ ಮನೆ ಚಟ್ನಿಪುಡಿಗೆ ಆಯ್ತದೆ, ಮಿಕ್ಕಿದ್ದು ಗಾಣಕ್ಕೆ. ನಮ್ಮನೇಲಿ ಈ ಸಲ ನಾಲ್ಕು ಸಾಲು ಹಾಕ್ಸಿದೀನಿ. ಆಯುಧಪೂಜೆ ಹೊತ್ತಿಗೆ ಹೂ ಬತ್ತದೆ, ಬಂದು ನೋಡ್ಕಂಡು ಹೋಗಿ.

ಗಾಣದ ಹುಡುಗನಿಗೂ ನಾನು ಸುಮ್ಮನೆ ಬಿಟ್ಟಿಲ್ಲ. "ನೋಡಪ್ಪ, ನಾವು ಬತ್ತೀವಿ, ಆದ್ರೆ ನೀನೂ ನಾಲ್ಕು ಮಾತು ಒಪ್ಕಬೇಕು" ಅಂದೆ. ಒಂದು, ಬೂಷ್ಟು ಹಿಡಿದ ಬೀಜ ಆರಿಸಿ ತೆಗೆದೇ ಹಾಕಬೇಕು. ಎರಡು, ಕ್ಯಾನಿನ ಮೇಲೆ ತೆಗೆದ ತಾರೀಖು ಬರೀಬೇಕು. ಮೂರು, ಪಾಮಾಯಿಲ್ ಒಂದು ತೊಟ್ಟೂ ಬೆರೆಸಬಾರದು, ಯಾರು ಬೇಕಾದ್ರೂ ಬಂದು ನಿಂತು ನೋಡಬೌದು. ನಾಲ್ಕು, ಬೆಲೆ ಮೂರು ತಿಂಗಳಿಗೆ ಒಂದೇ ಇರಬೇಕು. "ಅಷ್ಟೇನಾ ದೊಡ್ಡಮ್ಮ, ಒಪ್ಪಿದೆ" ಅಂದ. ನಮ್ಮ ಕಾಳು ನಾವೇ ಒಯ್ದರೆ ಕೂಲಿ ಮಾತ್ರ ಕೊಟ್ಟು ಎಣ್ಣೆ, ಹಿಂಡಿ ಎರಡೂ ತರಬೌದು.

ಈಗ ನಿಮ್ಮತ್ರ ಬರ್ತೀನಿ. ಅವನಿಗೆ ಬೇಕಾಗಿರೋದು ತಿಂಗಳಿಗೆ ಇನ್ನು 90 ಕೆಜಿ. 90 ಮನೆ, ಮನೆಗೆ ಒಂದು ಕೆಜಿ. ನಮ್ಮ ಎರಡು ಸಂಘದೋರು, ನಮ್ಮ ಬೀದಿಯೋರು, ಹೊಳೆ ಆಚೆ ಊರಿನ ನೆಂಟರು ಸೇರಿದ್ರೆ ಆಗದ ಲೆಕ್ಕ ಏನಲ್ಲ. ನಿಮ್ಮ ಪ್ಯಾಕೆಟ್ಟೆಲ್ಲ ಬಿಟ್ಟುಬಿಡಿ ಅನ್ನಲ್ಲ. ಒಂದು ಪ್ಯಾಕೆಟ್ಟಿನ ಜಾಗಕ್ಕೆ ಒಂದು ಕೆಜಿ ಗಾಣದ್ದು, ಅಷ್ಟೇ. ಆದ್ರೆ ಪ್ಯಾಕೆಟ್ಟು ಇಳಿದ ತಿಂಗಳಲ್ಲೂ ಬಿಡದೆ ತಗಬೇಕು, ಮುಖ್ಯವಾದ್ದು ಅದೇ. ಹಾಸನ, ಅರಕಲಗೂಡು, ಹೊಳೆನರಸೀಪುರದಲ್ಲಿ ಇರೋರು ಇಷ್ಟು ದೂರ ಬರೋದು ಬೇಡ, ನಿಮ್ಮ ನಿಮ್ಮ ಕಡೆ ಇರೋ ಗಾಣಕ್ಕೆ ಹೋಗಿ. ತಂದ ಎಣ್ಣೇನ ಬೆಳಕು ಬೀಳದ ಕಡೆ, ಸ್ಟೀಲು ಇಲ್ಲಾ ಗಾಜಿನ ಪಾತ್ರೇಲಿ ಮಡಗಿ, ಎರಡು ಮೂರು ತಿಂಗಳೊಳಗೆ ಮುಗಿಸಿ. ನೊರೆ ಬಂದ್ರೆ ಉರಿ ಸಣ್ಣ ಮಾಡಿ, ಕೆಟ್ಟದ್ದು ಅಂತ ಚೆಲ್ಲಬೇಡಿ.

ಮೊನ್ನೆ ನಾದಿನಿ ಹತ್ರ ಇದೆಲ್ಲ ಹೇಳ್ತಿದ್ದೆ. ಅವಳು ಕಡುಬಿಗೆ ಹಾಕೋ ಹುಚ್ಚೆಳ್ಳು ಚಟ್ನಿ ರುಬ್ಬುತ್ತಾ, "ಅತ್ತಿಗೆ, ಬಜ್ಜಿಗೆ ಆಗದಿದ್ರೂ ಚಟ್ನಿ ಒಗ್ಗರಣೆಗೆ ನಂದೂ ಎರಡು ಕೆಜಿ ಬರ್ಕಳಿ" ಅಂದ್ಲು. ಓಲೆ ಬಿಡಿಸ್ಕಂಡು ಕಿವಿಗೆ ಹಾಕ್ಕಂಡಿದ್ಲು.

ನನ್ನ ಪುಸ್ತಕದಲ್ಲಿ ಇವತ್ತಿಗೆ 31 ಮನೆ ಆಗಿದಾವೆ. ಪಿತೃಪಕ್ಷದ ವಡೆಗೆ ಎಣ್ಣೆ ಬೇಕಲ್ಲ, ಅಷ್ಟರೊಳಗೆ ಬಂದು ನಿಮ್ಮ ಹೆಸರೂ ಬರೆಸಿ.